ಜೊಂಡಿನ ಬೋರ್ಡು

ಬಂದವರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಏಳೂವರೆಗೆ ಮಾವ ಅಂಗಡಿಯ ಷಟರ್ ಎತ್ತಿದರು. ಮನೆಯ ಮುಂಭಾಗವೇ ಅಂಗಡಿ. ಷಟರ್ ಎದ್ದರೆ ಒಳಗಿನ ಪಾತ್ರೆಗಳೂ ನಡುಗುತ್ತವೆ. ಅತ್ತೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು.

“ಇವತ್ತೇ ತೆಗೀಬೇಕಿತ್ತಾ? ನೋಡಿದವರು ಏನಂದುಕೊಳ್ತಾರೆ?”

“ಅಂಗಡಿ ತೆಗೆದಿದೆ ಅಂದುಕೊಳ್ತಾರೆ.”

ಸೊಸೆ ಅಡುಗೆಮನೆಯಲ್ಲಿ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು. ಅವಳಿಗೆ ಇಪ್ಪತ್ತೇಳು. ಇತಿಹಾಸದಲ್ಲಿ ಎಂ.ಎ. ಮುಗಿಸಿ, ಬೋರ್ಡು ಬರೆಯುವ ಪೇಂಟರನನ್ನು ಮೆಚ್ಚಿ ಮದುವೆಯಾಗಿ ಈ ಮನೆಗೆ ಬಂದು ಎರಡೂವರೆ ವರ್ಷ. ಮಾತಿಗೊಂದು ಕತೆ ಹೇಳುತ್ತಾಳೆಂದು ನಾದಿನಿ ಅವಳಿಗೆ ‘ಲೈಬ್ರರಿ’ ಎಂದು ಹೆಸರಿಟ್ಟಿದ್ದಳು. ಹತ್ತು ದಿನದ ಹಿಂದೆ, ಚಹಾ ಕುಡಿಯುತ್ತಿದ್ದ ಗಂಡ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅಂದಿನಿಂದ ಲೈಬ್ರರಿ ಬಾಗಿಲು ಹಾಕಿತ್ತು. ಕೇಳಿದರೆ ‘ಹೂಂ’, ಕೇಳದಿದ್ದರೆ ಅದೂ ಇಲ್ಲ. ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಮಾತಾಡಿಸಲು ಬಂದ ಹೆಂಗಸರು ಅದನ್ನು ನೋಡಿಕೊಂಡೇ ಹೋಗಿದ್ದರು.

ಮಧ್ಯಾಹ್ನದ ಊಟಕ್ಕೆ ನಾಲ್ವರೂ ಕೂತಾಗ ಮಾವ ಲೋಕಾಭಿರಾಮ ಎನ್ನುವಂತೆ ಶುರುಮಾಡಿದರು.

“ಕೆರೆ ಆಫೀಸಿನಿಂದ ಫೋನ್ ಬಂದಿತ್ತು. ಬೋರ್ಡು ಎಲ್ಲಿಗೆ ಬಂತು ಅಂತ.”

ಕೆರೆಯ ಸುತ್ತಲಿನ ನಡೆದಾರಿಗೆ ಇಪ್ಪತ್ನಾಲ್ಕು ಬೋರ್ಡು: ಒಂದೊಂದರಲ್ಲಿ ಒಂದು ಗಿಡ, ಒಂದು ಹಕ್ಕಿ ಅಥವಾ ಒಂದು ಮೀನು, ಅದರ ಚಿತ್ರ, ಕೆಳಗೆ ನಾಲ್ಕು ಮಾತು. ಮಷೀನಿನಲ್ಲಿ ಅಚ್ಚುಹಾಕಿದ್ದು ಎರಡೇ ಬೇಸಿಗೆಗೆ ಬಿಳಿಚಿಕೊಂಡಿತೆಂದು ಈ ಸಲ ಆಫೀಸಿನವರು ಕೈಬರಹಕ್ಕೆ ಬಂದಿದ್ದರು. ಅಷ್ಟು ದೊಡ್ಡ ಕೆಲಸ ಅಂಗಡಿಗೆ ಸಿಕ್ಕು ವರ್ಷಗಳಾಗಿತ್ತು. ಮಗ ಚಿತ್ರಗಳನ್ನೆಲ್ಲ ಮುಗಿಸಿದ್ದ. ಅಕ್ಷರ ಹನ್ನೊಂದರವರೆಗೆ ಮುಗಿದಿತ್ತು.

“ಉಳಿದಿದ್ದು ನೀವೇ ಬರೀರಿ,” ಎಂದರು ಅತ್ತೆ.

“ಗೇಣುದ್ದದ ಅಕ್ಷರಕ್ಕೆ ನನ್ನ ಕೈ ಇನ್ನೂ ಗಟ್ಟಿ ಕಣೇ. ಬೆರಳಗಲದ್ದಕ್ಕೆ ನಡುಗುತ್ತೆ. ಸಣ್ಣದೆಲ್ಲ ಅವನದ್ದೇ.”

ನಾದಿನಿ ಕಾಲೇಜಿನ ಎರಡನೇ ವರ್ಷದವಳು. ಸುಮ್ಮನಿರುವುದು ಅವಳಿಗೆ ಬರುವುದಿಲ್ಲ.

“ಅತ್ತಿಗೆ ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತೆ.”

“ನೋಟ್‌ಬುಕ್ಕಿನಲ್ಲಿ ಮುತ್ತು. ತಗಡಿನ ಮೇಲೆ ಜೋಳ ಚೆಲ್ಲಿದ ಹಾಗೆ,” ಎಂದರು ಮಾವ.

“ಕಲಿಸಿ ಮಾವ,” ಎಂದಳು ಸೊಸೆ.

ಹತ್ತು ದಿನದಲ್ಲಿ ಅವಳಾಗಿ ಆಡಿದ ಮೊದಲ ಮಾತು. ಅತ್ತೆ ಅವಳ ತಟ್ಟೆಗೆ ಇನ್ನೊಂದಿಷ್ಟು ಅನ್ನ ಹಾಕಿದರು.

ಹಳೆಯ ತಗಡುಗಳ ಮೇಲೆ ಎರಡು ವಾರ ಅಭ್ಯಾಸ ನಡೆಯಿತು. ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಎರಡೂ ತುದಿ ಬಿಗಿಹಿಡಿದು ನಡುವೆ ಮಿಡಿದರೆ ನೇರ ಗೆರೆ ಮೂಡುತ್ತದೆ. ಕೈ ಊರಲು, ತುದಿಗೆ ಬಟ್ಟೆ ಸುತ್ತಿದ ಒಂದು ಕೋಲು. ಮೊದಲ ದಿನದ ಸಾಲು ನೋಡಿ ಮಾವ, “ಅಕ್ಷರಕ್ಕೆಲ್ಲ ಚಳಿಜ್ವರ ಬಂದಿದೆ,” ಎಂದರು. ಐದನೇ ದಿನ, “ಜ್ವರ ಇಳೀತು, ಸುಸ್ತು ಇದೆ,” ಎಂದರು.

“ಒಂದಕ್ಷರ ಪೂರ್ತಿ ಮಾಡಿ ಇನ್ನೊಂದಕ್ಕೆ ಹೋಗಬೇಡ. ಮೊದಲು ಸಾಲಿನ ಎಲ್ಲ ಅಕ್ಷರದ ತಲೆ. ಆಮೇಲೆ ಎಲ್ಲದರ ಹೊಟ್ಟೆ. ಪದ ನೋಡಲೇಬೇಡ. ನೋಡಿದರೆ ಕೈ ಅರ್ಥದ ಹಿಂದೆ ಓಡುತ್ತೆ, ಸಾಲು ಡೊಂಕಾಗುತ್ತೆ. ಬರೆಯೋನು ಓದಬಾರದು.”

ಅದು ಅವಳಿಗೆ ಹಿಡಿಸಿತು. ಬೆಳಗಿನಿಂದ ಸಂಜೆಯವರೆಗೆ ತಲೆ, ಹೊಟ್ಟೆ, ತಲೆ, ಹೊಟ್ಟೆ. ಹೊತ್ತು ಹೋಗುತ್ತಿತ್ತು.

ಮೂರನೇ ವಾರ ನಿಜವಾದ ಬೋರ್ಡಿಗೆ ಕೂತಳು. ಹನ್ನೆರಡನೆಯದು: ಜೊಂಡು. ತಲೆಗಳೆಲ್ಲ ಮುಗಿದು ಹೊಟ್ಟೆ ತುಂಬುವಾಗ ಕಣ್ಣು ತಪ್ಪಿ, ಆಫೀಸಿನವರು ಬರೆದುಕೊಟ್ಟಿದ್ದ ಚೀಟಿಯನ್ನು ಓದಿಬಿಟ್ಟಳು. ‘ಜೊಂಡು. ನಿರುಪಯುಕ್ತ ಕಳೆ. ಕೆರೆಯನ್ನು ಆಕ್ರಮಿಸುತ್ತದೆ.’ ಅವಳು ಕೂತಿದ್ದದ್ದು ಜೊಂಡಿನ ಚಾಪೆಯ ಮೇಲೆ. ಒಮ್ಮೆ ಚಾಪೆ ನೋಡಿದಳು, ಒಮ್ಮೆ ಚೀಟಿ ನೋಡಿದಳು. ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಕೆರೆ ಇಪ್ಪತ್ತು ನಿಮಿಷದ ದಾರಿ. ಆಚೆ ದಂಡೆಯಲ್ಲಿ ಒಬ್ಬ ಮುದುಕಿ ಒಣಗಿದ ಜೊಂಡನ್ನು ಉದ್ದಕ್ಕೆ ತಕ್ಕಂತೆ ವಿಂಗಡಿಸುತ್ತಿದ್ದಳು. ಚಾಪೆ ಹೆಣೆಯುವವಳು.

“ಆಫೀಸಿನವಳಾ?” ಎಂದಳು ಮುದುಕಿ, ತಲೆಯೆತ್ತದೆ.

“ಅಲ್ಲ. ಜೊಂಡಿನ ವಿಷಯ ಕೇಳೋಣ ಅಂತ ಬಂದೆ.”

“ಓ, ಟೀಚರಮ್ಮ. ಕೂತ್ಕೋ. ಕೈ ಖಾಲಿ ಇಟ್ಕೊಂಡು ಕೇಳಬೇಡ, ಉದ್ದದ್ದು ಈ ಕಡೆ, ಗಿಡ್ಡದ್ದು ಆ ಕಡೆ.”

ಒಂದೂವರೆ ಗಂಟೆ ವಿಂಗಡಿಸಿ ಮನೆಗೆ ಬಂದವಳು, ಬರೆದಿದ್ದ ಅಷ್ಟೂ ಅಕ್ಷರಗಳನ್ನು ಬಟ್ಟೆಯಲ್ಲಿ ಒರೆಸಿ ಹೊಸದಾಗಿ ಬರೆದಳು:

‘ಜೊಂಡು. ಚಾಪೆ ಹೆಣೆಯುವವರು ಪ್ರತಿವರ್ಷ ಅರ್ಧ ಕೊಯ್ಯುತ್ತಾರೆ, ಅರ್ಧ ಬಿಡುತ್ತಾರೆ. ಬಿಟ್ಟ ಅರ್ಧದಲ್ಲಿ ನೀರುಕೋಳಿ ಮೊಟ್ಟೆಯಿಡುತ್ತದೆ. ಮುಂದಿನ ವರ್ಷ ಅದಲುಬದಲು. ಎಷ್ಟು ಕಾಲದಿಂದ ಹೀಗೆ ಎಂದು ಕೇಳಿದರೆ ನಗುತ್ತಾರೆ.’

ಮಾವ ನೋಡಿದ್ದು ಮರುದಿನ, ಬಣ್ಣ ಒಣಗಿದ ಮೇಲೆ. ಮೊದಲು, “ಸಾಲು ನೇರ ಇದೆ,” ಎಂದರು. ಆಮೇಲೆ ಚೀಟಿ ತೆಗೆದು ಹೋಲಿಸಿದರು.

“ಇದೇನಿದು?”

“ಚೀಟೀಲಿ ಇದ್ದದ್ದು ಸುಳ್ಳು, ಮಾವ.”

“ಸುಳ್ಳೋ ನಿಜವೋ, ಗಿರಾಕಿದು! ಮೂವತ್ತೆರಡು ವರ್ಷ ಈ ಅಂಗಡೀಲಿ ಒಂದು ಚುಕ್ಕೆ ಬದಲಾಯಿಸಿಲ್ಲ ನಾನು. ಒಬ್ಬ ದರ್ಜಿ ತನ್ನ ಫೋನ್ ನಂಬರನ್ನೇ ತಪ್ಪು ಬರೆದುಕೊಟ್ಟಿದ್ದ. ಹಾಗೇ ಬರೆದೆ. ಒಂದು ವರ್ಷ ಅವನ ಗಿರಾಕಿಗಳೆಲ್ಲ ಯಾರೋ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದ್ರು. ಯಾರಾದ್ರೂ ನನ್ನನ್ನ ದೂರಿದ್ರಾ?”

“ದರ್ಜಿ ಬಾಗಿಲಲ್ಲಿ ನಿಂತು ಕೂಗಾಡಿದ್ದ,” ಎಂದರು ಅತ್ತೆ ಒಳಗಿನಿಂದ.

“ಚೀಟಿ ತೋರಿಸಿದೆ, ಬಾಯಿ ಮುಚ್ಚಿಕೊಂಡು ಹೋದ! ಇವಳು ಓದಿದವಳು ನೋಡು, ಅಂಗಡಿ ಮರ್ಯಾದೆ ತೆಗೆಯೋಕೆ ಒಂದೇ ಬೋರ್ಡು ಸಾಕಾಯ್ತು.”

“ಅಪ್ಪ, ಮೆಲ್ಲಗೆ,” ಎಂದಳು ನಾದಿನಿ.

“ಯಾಕೆ ಮೆಲ್ಲಗೆ? ನನ್ನ ಮಗ ಇದ್ದಿದ್ರೆ…”

ಮಾತು ಅಲ್ಲಿಗೇ ತುಂಡಾಯಿತು. ಅಷ್ಟರಲ್ಲಿ ಕೆರೆ ಆಫೀಸಿನ ಅಧಿಕಾರಿಣಿಯೇ ಬಾಗಿಲಲ್ಲಿ ನಿಂತಿದ್ದರು, ಕೆಲಸ ನೋಡಿಹೋಗಲು. ಮಾವ ಕೈಮುಗಿದು ನಡೆದದ್ದನ್ನೆಲ್ಲ ತಾವೇ ಒಪ್ಪಿಸಿ, ಅಳಿಸಿ ಬರೆದುಕೊಡುತ್ತೇವೆ ಎಂದರು. ಅಧಿಕಾರಿಣಿ ಬೋರ್ಡನ್ನು ಎರಡು ಸಲ ಓದಿದರು. ಮುಖ ಗಂಟಾಗಿಯೇ ಇತ್ತು.

“ಇದು ಕೆರೆ ಸಮಿತಿ ಒಪ್ಪಿದ ಮಾತಲ್ಲ. ಯಾರು ಹೇಳಿದ್ರು ನಿಮಗೆ ಇದನ್ನ?”

“ಚಾಪೆಯವರು,” ಎಂದಳು ಸೊಸೆ.

ಅವರು ಫೋನಿನಲ್ಲಿ ಬೋರ್ಡಿನ ಚಿತ್ರ ತೆಗೆದುಕೊಂಡು, “ಮುಟ್ಟಬೇಡಿ, ಹೇಳ್ತೀನಿ,” ಎಂದು ಹೋದರು. ಆ ಸಂಜೆ ಮಾವ ಊಟ ಬೇಡವೆಂದರು. ಅತ್ತೆ ತಟ್ಟೆಯನ್ನು ಅವರ ಮುಂದೆ ಕುಕ್ಕಿದರು.

“ಸಿಟ್ಟು ಬೇರೆ, ಹೊಟ್ಟೆ ಬೇರೆ. ತಿನ್ನಿ.”

ನಾಲ್ಕು ದಿನ ಬಿಟ್ಟು ಫೋನ್ ಬಂತು. ಸಮಿತಿಯಲ್ಲಿ ಎರಡು ಗಂಟೆ ಜಗಳವಾಗಿತ್ತಂತೆ. ಮಷೀನು ತಂದು ಜೊಂಡನ್ನು ಪೂರ್ತಿ ಕೀಳಿಸಬೇಕೆಂದವರು ಅರ್ಧ, ಬೇಡವೆಂದವರು ಅರ್ಧ. ಕೊನೆಗೆ ಬೋರ್ಡು ಹಾಗೇ ಇರಲಿ ಎಂದಾಯಿತು. ಉಳಿದ ಹನ್ನೆರಡನ್ನೂ ಸೊಸೆಯೇ ಕೇಳಿ ತಿಳಿದು ಬರೆಯಲಿ, ಆದರೆ ಮೊದಲು ಆಫೀಸಿಗೆ ತೋರಿಸಲಿ.

“ಒಟ್ಟಿನಲ್ಲಿ ಚೀಟಿ ಕೊಡೋರೇ ಇಲ್ಲ ಅಂತಾಯ್ತು,” ಎಂದರು ಮಾವ. ಅವರ ಮಟ್ಟಿಗೆ ಲೋಕ ತಲೆಕೆಳಗಾಗಿತ್ತು.

ಅದೇ ವಾರ ನಾದಿನಿ ಕಾಲೇಜಿನ ನೋಟಿಸ್ ಬೋರ್ಡಿನಿಂದ ಒಂದು ಹಾಳೆಯನ್ನು ಕಿತ್ತುಕೊಂಡೇ ಬಂದಳು.

“ಅತ್ತಿಗೆ, ಇದು ನಿಮ್ಮ ಅಳತೆ ತಗೊಂಡೇ ಹೊಲಿದ ಅಂಗಿ. ನೋಡಿ. ವಿಶ್ವವಿದ್ಯಾಲಯದವರೂ ಕೆರೆ ಆಫೀಸಿನವರೂ ಸೇರಿ ಕೊಡ್ತಿದ್ದಾರೆ. ಒಂದು ವರ್ಷದ ಫೆಲೋಶಿಪ್. ಸೈನ್ಸಿನವರಿಗೆ ಮಾತ್ರ ಅಲ್ಲ. ಇತಿಹಾಸ, ಸಾಹಿತ್ಯ, ಸಮಾಜಶಾಸ್ತ್ರ ಓದಿದವರಿಗೂ. ಕೆರೆ, ಕಾಡು, ನದಿ ಜತೆ ಜನರ ನಂಟು ಏನು ಅಂತ ಹುಡುಕಿ ಬರೆಯೋದು, ಉಳಿಸೋ ಕೆಲಸಕ್ಕೆ ಕೈ ಹಾಕೋದು. ತಿಂಗಳಿಗಿಷ್ಟು ಅಂತ ಸ್ಟೈಪೆಂಡು. ವಯಸ್ಸು ಮೂವತ್ತರ ಒಳಗೆ.”

“ನೋಟಿಸ್ ಕಿತ್ತುಕೊಂಡು ಬಂದಿದ್ದೀಯಲ್ಲ, ಬೇರೆಯವರು ಏನು ಓದಬೇಕು?”

“ಅದಕ್ಕೇ ಕಿತ್ತಿದ್ದು!” ಎಂದವಳು ಅತ್ತಿಗೆಯ ಮುಖ ನೋಡಿ, “ನಾಳೆ ಅಂಟಿಸ್ತೀನಿ ಬಿಡಿ. ನೀವು ಹೋದ್ರೆ ಡಿಗ್ರಿ ಮುಗಿದ ಮೇಲೆ ನಾನೂ ಹೋಗ್ತೀನಿ. ದಾರಿ ಗೊತ್ತಿರೋರು ಮನೇಲಿ ಒಬ್ಬರಿದ್ರೆ ಒಳ್ಳೇದಲ್ವಾ?” ಎಂದಳು.

ವಿಷಯ ಊಟದ ಹೊತ್ತಿಗೆ ಅತ್ತೆಗೆ ಮುಟ್ಟಿತು.

“ಕೆರೆ ಸುತ್ತೋಕೆ ಸಂಬಳ ಕೊಡ್ತಾರಾ? ಯಾವ ಕಾಲ ಬಂತಪ್ಪ.”

“ವಾರದಲ್ಲಿ ನಾಲ್ಕು ದಿನ ಅಂತಿದೆ, ಅತ್ತೆ. ಉಳಿದ ದಿನ ಅಂಗಡೀಲಿರ್ತೀನಿ.”

“ಅಂಗಡಿ ಮಾತಲ್ಲಮ್ಮ. ನಿಮ್ಮಣ್ಣ ನಿನ್ನೆ ತಾನೆ ಫೋನ್ ಮಾಡಿದ್ದ, ಯಾವಾಗ ಕರಕೊಂಡು ಹೋಗಲಿ ಅಂತ. ಆ ಕಡೆಯಿಂದ ಅವನು ಎಳೀತಾನೆ, ಈ ಕಡೆಯಿಂದ ಕೆರೆ ಎಳೆಯುತ್ತೆ. ನಮಗೇನು ಉಳೀತು?”

ಸೊಸೆ ಅತ್ತೆಯ ತಟ್ಟೆಗೆ ಸಾರು ಬಡಿಸಿ, “ಅಣ್ಣನಿಗೆ ಬರಲ್ಲ ಅಂತ ಹೇಳಿದೀನಿ. ಇದಕ್ಕೆ ಮಾತ್ರ ಹೋಗಬೇಕು,” ಎಂದಳು.

ಮರುದಿನದಿಂದ ಉಳಿದ ಬೋರ್ಡುಗಳಿಗಾಗಿ ಅವಳು ಬೆಳಗಾಗೆದ್ದು ಕೆರೆಗೆ ಹೋಗತೊಡಗಿದಳು. ಬಲೆ ಬೀಸುವವರು, ಬಟ್ಟೆ ಒಗೆಯುವವರು, ತೂಬಿನ ಕಾವಲುಗಾರ. ಹೇಳದೆ ಕೇಳದೆ ಹೋಗುತ್ತಿದ್ದಳು. ಎಲ್ಲರೂ ಏಳುವ ಹೊತ್ತಿಗೆ ಹಾಸಿಗೆ ಖಾಲಿ. ನಾಲ್ಕನೇ ದಿನ ಪಕ್ಕದ ಮನೆಯ ಹೆಂಗಸು ಗೋಡೆಯಾಚೆಯಿಂದ, “ನಿಮ್ಮ ಸೊಸೆ ದಿನಾ ಕೆರೆ ಕಡೆ ಹೋಗ್ತಾಳಲ್ಲ, ಒಂದು ಕಣ್ಣಿಟ್ಟಿರಿ. ಅಳದವರದ್ದೇ ಭಯ,” ಎಂದಳು.

ಐದನೇ ದಿನ ಅವಳು ತೂಬಿನ ಪಕ್ಕ ಬಾತುಕೋಳಿ ಮೇಯಿಸುವವನ ಜೊತೆ ನಿಂತಿದ್ದಾಗ, ಏರಿಯ ಮೇಲೆ ಯಾರೋ ಓಡಿಬರುವುದು ಕಾಣಿಸಿತು. ಸೀರೆ ಮೊಣಕಾಲಿಗೆತ್ತಿ, ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಅತ್ತೆ. ಬಂದವರೇ ಅವಳ ರಟ್ಟೆ ಹಿಡಿದು ನೀರಿನ ಅಂಚಿನಿಂದ ಎಳೆದರು.

“ಬಾರೇ ಈಚೆಗೆ!”

“ಅತ್ತೆ, ಏನಾಯ್ತು?”

“ಏನಾಯ್ತು ಅಂತ ಕೇಳ್ತಾಳೆ! ಕತ್ತಲಿರುವಾಗ ಎದ್ದು ಹೋದ್ರೆ… ಹೇಳಿ ಹೋದ್ರೆ ನಾಲಿಗೆ ಸವೆಯುತ್ತಾ ನಿಂದು? ಒಬ್ಬನನ್ನ ಕಳಿಸಿದ್ದು ಸಾಲದಾ ನಮಗೆ?”

ಅವಳಿಗೆ ಆಗ ಅರ್ಥವಾಯಿತು. ನೋಟ್‌ಬುಕ್ಕನ್ನು ಬಿಚ್ಚಿ ಅವರ ಮುಂದೆ ಹಿಡಿದಳು. “ಬಾತುಕೋಳಿ ಬಗ್ಗೆ ಬರಕೊಳ್ತಿದ್ದೆ, ಅತ್ತೆ.”

ಅತ್ತೆ ನೋಟ್‌ಬುಕ್ ನೋಡಿದರು, ಬಾತುಕೋಳಿಯವನನ್ನು ನೋಡಿದರು, ನೂರಿಪ್ಪತ್ತು ಬಾತುಕೋಳಿಗಳನ್ನು ನೋಡಿದರು. ಏರಿಯ ಮೇಲೆ ಕೂತುಬಿಟ್ಟರು.

“ಅಮ್ಮಾ, ನೀರು ಕುಡೀತೀರಾ?” ಎಂದ ಅವನು, ಗಾಬರಿಯಿಂದ.

“ನೀರಿನ ಹೆಸರು ಎತ್ತಬೇಡಪ್ಪ ನೀನು,” ಎಂದರು ಅತ್ತೆ. ಹಾಗೆಂದವರೇ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಸೊಸೆ ಚಪ್ಪಲಿಯನ್ನು ಅವರ ಕಾಲಿಗೆ ಹಾಕಿದಳು. ಮನೆಗೆ ನಡೆಯುವಾಗ ಅತ್ತೆ ಅವಳ ಕೈ ಬಿಡಲಿಲ್ಲ.

ಮರುದಿನದಿಂದ ಅತ್ತೆ ಬುತ್ತಿ ಕಟ್ಟಿ ಬಾಗಿಲಲ್ಲಿಟ್ಟು, ಪಕ್ಕದಲ್ಲೇ ಕೂರತೊಡಗಿದರು. ಅದನ್ನು ತೆಗೆದುಕೊಳ್ಳಬೇಕಾದರೆ ಅವರಿಗೆ ಹೇಳಿಯೇ ಹೋಗಬೇಕಾಗಿತ್ತು.

ಬೋರ್ಡುಗಳು ಒಂದೊಂದೇ ಮುಗಿದವು. ಫೆಲೋಶಿಪ್ಪಿನ ಅರ್ಜಿ ಮಾತ್ರ ಮುಗಿಯಲಿಲ್ಲ. ನಿಮಗೆ ಗೊತ್ತಿರುವ ಒಂದು ನೆಲ ಮತ್ತು ಅದರ ಜನರ ಬಗ್ಗೆ ಸಾವಿರ ಪದ ಬರೆಯಿರಿ ಎಂದು ಕೇಳಿದ್ದರು. ಓದುವಾಗ ರಾತ್ರಿ ಬೆಳಗಾಗುವುದರೊಳಗೆ ನಲವತ್ತು ಪುಟ ಬರೆದವಳು. ಈಗ ನಲವತ್ತು ಪದಕ್ಕೆ ನಿಂತುಬಿಡುತ್ತಿದ್ದಳು. ಕೊನೆಯ ತಾರೀಖಿಗೆ ಎರಡು ದಿನ ಇರುವಾಗ ಅಂಗಡಿಯ ನೆಲದ ತುಂಬ ಮುದ್ದೆ ಮಾಡಿದ ಕಾಗದ.

ಮಾವ ಒಂದು ಮುದ್ದೆಯನ್ನು ಬಿಚ್ಚಿ, ಅದರಲ್ಲಿ ಬ್ರಷ್ ಒರೆಸಿ, ಕೇಳಿದರು:

“ಎಷ್ಟು ಬೇಕಂತೆ?”

“ಸಾವಿರ.”

“ಬೋರ್ಡು ಎಷ್ಟು ಬರೆದಿದ್ದೀಯ?”

“ಹದಿಮೂರು.”

“ಅದನ್ನೇ ಕಳಿಸು.”

“ಅದು ಮುನ್ನೂರೂ ಆಗಲ್ಲ, ಮಾವ.”

“ಬೋರ್ಡಿನ ಮುಂದೆ ನಿಂತವನು ಬಿಸಿಲಲ್ಲಿ ನಿಂತಿರ್ತಾನೆ. ಅವನಿಗೆ ಸಾವಿರ ಹೇಳಿದ್ರೆ ತಲೆ ಸುತ್ತಿ ಬೀಳ್ತಾನೆ. ಇದನ್ನೂ ಬರಿ ಅವರಿಗೆ.”

ಗೋಡೆಗೆ ಒರಗಿಸಿದ ಹದಿಮೂರನ್ನೂ ಅವರು ಒಂದೊಂದಾಗಿ ನೋಡುತ್ತ ಹೋದರು. ತುಟಿ ಅಲುಗುತ್ತಿದ್ದುದನ್ನು ಅವಳು ಗಮನಿಸಿದಳು. ಓದುತ್ತಿದ್ದರು.

“ಈ ಬಾತುಕೋಳಿಯವನು, ಗದ್ದೆಗೆ ಬಾತು ಬಿಟ್ಟರೆ ಹುಳದ ಔಷಧಿ ಬೇಡ ಅಂದದ್ದು ನಿಜವಾ?”

“ನಿಜ, ಮಾವ.”

“ಹೂಂ,” ಎಂದರು. “ಸಾಲು ಸ್ವಲ್ಪ ಎಡಕ್ಕೆ ಎಳೆದಿದೆ. ಪರವಾಗಿಲ್ಲ, ಇರಲಿ.”

ಕಳಿಸಿದಳು. ಸಂದರ್ಶನಕ್ಕೆ ಕರೆ ಬಂತು. ಮೇಜಿನ ಆಚೆ ಮೂವರು. ಕನ್ನಡಕದ ಪ್ರೊಫೆಸರು, ಸಾವಿರ ಕೇಳಿದ್ದೆವಲ್ಲ ಎಂದರು. ಅವಳು ಮಾವನ ಮಾತನ್ನೇ ಹೇಳಿದಳು. ಪ್ರೊಫೆಸರು ನಗಲಿಲ್ಲ. ಜೊಂಡಿನ ಬೋರ್ಡಿನ ಬಗ್ಗೆ ಇಪ್ಪತ್ತು ನಿಮಿಷ ಕೇಳಿದರು: ಯಾರು ಹೇಳಿದರು, ಬೇರೆ ಯಾರನ್ನು ಕೇಳಿ ತಾಳೆ ನೋಡಿದೆ, ನೀರುಕೋಳಿಯ ಗೂಡನ್ನು ಕಣ್ಣಾರೆ ಕಂಡೆಯಾ. ಎರಡು ಕಂಡೆ ಎಂದಳು, ಎಲ್ಲಿ ಎಂದೂ ಹೇಳಿದಳು. ಉದ್ದವಾಗಿ ಬರೆಯಲು ಏನು ಅಡ್ಡಿ ಎಂದೂ ಕೇಳಿದರು.

“ಸದ್ಯಕ್ಕೆ ಇಷ್ಟೇ ಬರ್ತಿದೆ. ವರ್ಷ ಇದೆಯಲ್ಲ.”

ಮೂರು ವಾರದ ಮೇಲೆ ಪತ್ರ ಬಂತು. ಐವರನ್ನು ತೆಗೆದುಕೊಂಡಿದ್ದರು. ನಾಲ್ಕನೇ ಹೆಸರು ಅವಳದ್ದು. ನಾದಿನಿ ಪತ್ರವನ್ನು ಬೀದಿಗೆ ಕೇಳುವಂತೆ ಓದಿದಳು.

“ಹಾಗಾದ್ರೆ ಸಣ್ಣಕ್ಷರ ಯಾರು ಬರೆಯೋದು?” ಎಂದರು ಅತ್ತೆ.

“ಇವಳು ಬರೀತಾಳೆ,” ಎಂದು ಮಾವ ಮಗಳ ಕಡೆ ಬ್ರಷ್ ತೋರಿಸಿದರು.

“ನಾನಾ? ನನ್ನಕ್ಷರ ನೋಡಿ ಮೇಷ್ಟ್ರು ಇದು ಯಾವ ಭಾಷೆ ಅಂದಿದ್ರು!”

“ಅಂಥವರೇ ಬೇಕು. ಬರೆದದ್ದನ್ನ ನಿನಗೂ ಓದೋಕಾಗಲ್ಲ.”

ಬೋರ್ಡು ನೆಡುವ ದಿನ ಸೊಸೆ ತಳ್ಳುಗಾಡಿಯ ಜೊತೆ ಕೆರೆಗೆ ಹೋದಳು. ಗಾಡಿಯ ಪಕ್ಕದಲ್ಲಿ ಅಂಗಡಿಯ ಹೆಸರಿತ್ತು. ಚಾಪೆಯ ಮುದುಕಿ ಜೊಂಡಿನಿಂದ ಎದ್ದು ಬಂದಳು. ಓದಲು ಬಾರದಿದ್ದರೂ ಗಾಡಿಯ ಬಣ್ಣದ ಗುರುತು ಹಿಡಿದಳು.

“ಏ ಟೀಚರಮ್ಮ, ನೀನು ಪೇಂಟರ್ ಅಂಗಡಿಯವಳಾ? ಮೊದಲೇ ಹೇಳೋದಲ್ವಾ! ಎಲ್ಲಿ ಅವನು, ಆ ಬಣ್ಣದ ಕೈಯವನು? ಚಿತ್ರ ಇದೊಂದೇ ಬಾಕಿ, ನೋಡಿ ಬರೆಯೋಕೆ ಜೊಂಡು ಒಂದು ಹಿಡಿ ಕೊಯ್ಕೋತೀನಿ, ನಾಳೆ ತಂದುಕೊಡ್ತೀನಿ ಅಂತ ನನ್ನ ಕುಡುಗೋಲು ತಗೊಂಡು ಹೋದ. ಎಷ್ಟು ತಿಂಗಳಾಯ್ತು! ಅದು ನನ್ನ ಕೈಗೆ ಪಳಗಿದ್ದು. ಎದುರಿಗೆ ಸಿಗಲಿ, ಕಿವಿ ಹಿಂಡ್ತೀನಿ.”

ಸೊಸೆ ಗಾಡಿಯ ಅಂಚನ್ನು ಹಿಡಿದುಕೊಂಡಳು.

“ನಾಳೆ ತರ್ತೀನಿ,” ಎಂದಳು.

ಮನೆಯಲ್ಲಿ ಕೇಳಿದಾಗ ಮಾವ ಬಣ್ಣದ ಡಬ್ಬಿಗಳ ಹಿಂದಿನಿಂದ ಕುಡುಗೋಲನ್ನು ತೆಗೆದರು.

“ನಮ್ಮದೇ ಅಂದುಕೊಂಡಿದ್ದೆ. ಡಬ್ಬಿ ಮುಚ್ಚಳ ಎಬ್ಬಿಸ್ತಿದ್ದೆ ಇದರಲ್ಲಿ,” ಎಂದರು ಸಂಕೋಚದಿಂದ. ಹಿಡಿಗೆ ಅಂಟಿದ್ದ ಬಣ್ಣವನ್ನು ಸೀಮೆಎಣ್ಣೆಯಲ್ಲಿ ಉಜ್ಜಿದರು. ಸಾಣೆಕಲ್ಲಿಗೆ ನೀರು ಚಿಮುಕಿಸಿ, ಅಲಗನ್ನು ಮಸೆಯುತ್ತ ಬಹಳ ಹೊತ್ತು ಕೂತರು. ಯಾರೂ ಕರೆಯಲಿಲ್ಲ.

ಬೆಳಿಗ್ಗೆ ಅವಳು ಕುಡುಗೋಲನ್ನು ಬಟ್ಟೆಯಲ್ಲಿ ಸುತ್ತಿ, ಬುತ್ತಿ ಎತ್ತಿಕೊಂಡು, ಅತ್ತೆಗೆ ಹೇಳಿ ಹೊರಟಳು. ಫೆಲೋಶಿಪ್ಪಿನ ಮೊದಲ ದಿನ. ಮುದುಕಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು.

“ನಿನ್ನ ಕೈಲಿ ಕಳಿಸಿದನಾ? ಅವನಿಗೆ ಬರೋಕೆ ಕಾಲಿಲ್ವಾ?”

“ಅವರು ನನ್ನ ಗಂಡ, ಅಜ್ಜಿ. ತೀರಿಕೊಂಡರು. ಆ ಜೊಂಡು ಮನೆಗೆ ತಂದ ಎರಡನೇ ದಿನವೋ ಮೂರನೇ ದಿನವೋ.”

ಬೇರೆಯವರೆಲ್ಲ ಎಷ್ಟೋ ಸಲ ಆಡಿದ್ದ ಮಾತು. ಅವಳ ಬಾಯಿಂದ ಇದೇ ಮೊದಲು.

ಮುದುಕಿ ನೀರಿನಿಂದ ಮೇಲೆ ಬಂದಳು.

“ಅಯ್ಯೋ, ದಿನಾ ಬೈದೆನಲ್ಲೇ ನಾನು ಅವನನ್ನ. ಬೆಳಗಾದ್ರೆ ಅವನದ್ದೇ ಹೆಸರು. ಕಳ್ಳ, ಮೈಗಳ್ಳ ಅಂತ.”

“ಒಳ್ಳೇದಾಯ್ತು, ಅಜ್ಜಿ,” ಎಂದಳು. “ನಾವೆಲ್ಲ ಹೋದರು ಹೋದರು ಅಂತಿರುವಾಗ ನೀವೊಬ್ಬರಾದ್ರೂ ಅವರು ಇದ್ದಾರೆ ಅಂತ ಬೈತಿದ್ರಲ್ಲ.”

ಮಾತು ಮುಗಿಯುವ ಮೊದಲೇ ಅಳು ಬಂತು. ಅದನ್ನು ತಡೆಯಲು ಅವಳು ಹೋಗಲಿಲ್ಲ. ಮುದುಕಿ ಒದ್ದೆ ಕೈಯನ್ನು ಅವಳ ಬೆನ್ನಿನ ಮೇಲಿಟ್ಟು ನಿಂತಳು, ಅವಸರವಿಲ್ಲದೆ. ಅಳು ಸಾಕಾದಾಗ ಸೊಸೆ ಕುಡುಗೋಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಅಲಗನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಹಿಡಿಯನ್ನು ಮುದುಕಿಯ ಕೈಗೆ ಕೊಟ್ಟಳು.